ಎಣಿಕೆಯ ಮೇಜಿನ ಮೇಲೆ ಎರಡು ಕ್ಯಾಲ್ಕುಲೇಟರ್

ಚುನಾವಣೆಯ ಫಲಿತಾಂಶ ಬರುವ ದಿನ ನಮ್ಮ ಊರುಗಳಲ್ಲಿ ಅತಿ ಹೆಚ್ಚು ದುಡಿಯುವ ಉಪಕರಣ ಯಾವುದೆಂದು ಕೇಳಿದರೆ ಎಲ್ಲರೂ ಟಿ.ವಿ.ಯನ್ನೋ ಮೊಬೈಲನ್ನೋ ಹೆಸರಿಸುವರು. ಈ ಅಂಕಣಕಾರನ ಅಭಿಪ್ರಾಯ ಬೇರೆ. ಅಂದು ಅತಿ ಹೆಚ್ಚು ಪೆಟ್ಟು ತಿನ್ನುವುದು ಅಂಗಡಿಯ ಮೇಜಿನ ಮೇಲಿರುವ ಕ್ಯಾಲ್ಕುಲೇಟರ್. ಉಳಿದ ದಿನಗಳಲ್ಲಿ ಅಕ್ಕಿ, ಬೆಲ್ಲ, ಅಡಿಕೆಯ ಲೆಕ್ಕ ಮಾಡಿಕೊಂಡು ಮರ್ಯಾದೆಯಿಂದ ಬದುಕುವ ಆ ಬಡಪಾಯಿಯು ಅಂದು ಸುತ್ತು ಸುತ್ತಿಗೂ ಮತಗಳನ್ನು ಕೂಡಿಸಿ, ಕಳೆದು, ಲೀಡು ಎಷ್ಟೆಂದು ಹೇಳಬೇಕು. ಹೇಳಿದ ಲೀಡು ಮಾಲೀಕರಿಗೆ ಹಿಡಿಸದಿದ್ದರೆ ಮತ್ತೆ ಮೊದಲಿನಿಂದ ಕೂಡಿಸಬೇಕು.

ಈಗ ಒಂದೇ ಅಂಗಡಿಯಲ್ಲಿ ಎರಡು ಪಕ್ಷದ ಇಬ್ಬರು ಎರಡು ಕಂಪೆನಿಯ ಕ್ಯಾಲ್ಕುಲೇಟರ್ ಹಿಡಿದು ಕುಳಿತಿದ್ದಾರೆಂದು ಊಹಿಸಿಕೊಳ್ಳಿ. ಒಬ್ಬರು ಮಾವ, ಇನ್ನೊಬ್ಬ ಅಳಿಯ. ಮಾವನದು ಗಲ್ಫಿನಿಂದ ಬಂದ ಕ್ಯಾಸಿಯೊ. ಅಳಿಯನದು ಅಂಗಡಿಯ ಸಿಟಿಜನ್. ಎರಡೂ ಜಪಾನಿನ ಹೆಸರುಗಳೇ ಆದರೂ ನಮ್ಮಲ್ಲಿಗೆ ಬಂದ ಮೇಲೆ ಪಕ್ಷಾಂತರ ನಿಷೇಧ ಕಾಯ್ದೆ ಅವಕ್ಕೂ ಅನ್ವಯಿಸುತ್ತದೆ.

‘ಮಾವ, ನನ್ನದು ಸಿಟಿಜನ್. ಎಂದರೆ ಪ್ರಜೆ. ಪ್ರಜಾಪ್ರಭುತ್ವದಲ್ಲಿ ಪ್ರಜೆಯ ಲೆಕ್ಕವೇ ಅಂತಿಮ’ ಎನ್ನುತ್ತಾನೆ ಅಳಿಯ.

‘ನನ್ನದರ ಮೂಲ ಹೆಸರು ಕಾಶಿಯೊ ಕಣೋ. ಸೋತವರು ಕೊನೆಗೆ ಹೋಗಬೇಕಾದ ಊರು ಇದರ ಹೆಸರಿನಲ್ಲೇ ಇದೆ. ಅಲ್ಲದೆ ಇದಕ್ಕೆ ಬ್ಯಾಟರಿ ಬೇಡ, ಬೆಳಕು ಸಾಕು.’

‘ಮೋಡ ಕವಿದರೆ ನಿಮ್ಮ ಅಭ್ಯರ್ಥಿಗೆ ಠೇವಣಿಯೂ ಉಳಿಯದು, ಮಾವ.’

ಕಾಶಿಯೊ ಎಂಬುದು ನಿಜಕ್ಕೂ ಆ ಕಂಪೆನಿಯನ್ನು ಕಟ್ಟಿದ ಮನೆತನದ ಹೆಸರು. 1957ರಲ್ಲಿ ಆ ಸಹೋದರರು ಹೊರತಂದ ಮೊದಲ ಕ್ಯಾಲ್ಕುಲೇಟರ್ ಒಂದು ಮೇಜಿನಷ್ಟು ದೊಡ್ಡದಿದ್ದು 140 ಕಿಲೋ ತೂಗುತ್ತಿತ್ತು. ಅಂದಿನ ಕಾಲದಲ್ಲಾಗಿದ್ದರೆ ಮಾವ ಅದನ್ನು ಅಂಗಡಿಗೆ ತರಲು ನಾಲ್ಕು ಮಂದಿ ಕಾರ್ಯಕರ್ತರನ್ನು ಕರೆಯಬೇಕಾಗುತ್ತಿತ್ತು. ಅಷ್ಟು ಕಾರ್ಯಕರ್ತರು ಇದ್ದಿದ್ದರೆ ಲೀಡಿನ ಚಿಂತೆಯೂ ಇರುತ್ತಿರಲಿಲ್ಲ.

ಕೂಡಿಸುವುದರಲ್ಲಿ ಕಂಪೆನಿ ಕಂಪೆನಿಗೆ ವ್ಯತ್ಯಾಸವೇನು ಬಂತು ಎಂದು ಗಣಿತದ ಅಧ್ಯಾಪಕರು ಕೇಳಬಹುದು. ಬರುತ್ತದೆ, ಸ್ವಾಮಿ. ಶಾಲಾ ಪಾರ್ಲಿಮೆಂಟಿನ ಚುನಾವಣೆಯನ್ನೇ ತೆಗೆದುಕೊಳ್ಳಿ. ಹಲಸಿನ ಚಿಹ್ನೆಯ ಹುಡುಗಿಗೆ ಬಿಡಿ ಚೀಟಿಗಳು 40, ಜೊತೆಗೆ ಐವತ್ತರ ಕಟ್ಟುಗಳು 3. ಅಂಗಡಿಯ ಸಾಮಾನ್ಯ ಕ್ಯಾಲ್ಕುಲೇಟರಿನಲ್ಲಿ 40 + 3 × 50 ಎಂದು ಸಾಲಾಗಿ ಒತ್ತಿರಿ. ಅದು ಮೊದಲು ಕೂಡಿಸಿ ಆಮೇಲೆ ಗುಣಿಸಿ 2150 ಎನ್ನುತ್ತದೆ. ಪ್ಲಸ್ ಟು ಓದುವ ಅಣ್ಣನ ಸೈಂಟಿಫಿಕ್ ಕ್ಯಾಲ್ಕುಲೇಟರಿನಲ್ಲಿ ಅದೇ ಗುಂಡಿಗಳನ್ನು ಅದೇ ಕ್ರಮದಲ್ಲಿ ಒತ್ತಿರಿ. ಗುಣಾಕಾರಕ್ಕೆ ಮೊದಲ ಮರ್ಯಾದೆ ಕೊಟ್ಟು 190 ಎನ್ನುತ್ತದೆ. ಮುನ್ನೂರು ಮಕ್ಕಳ ಶಾಲೆಯಲ್ಲಿ 2150 ಮತ ಪಡೆದವಳು ವಿದ್ಯಾಮಂತ್ರಿಯಾದರೆ ಸಾಲದು, ನೇರವಾಗಿ ದೆಹಲಿಗೆ ಹೋಗಬೇಕು.

ಅಳಿಯ ಬಾಯಿತಪ್ಪಿ ಆಡಿದ ಠೇವಣಿಯ ವಿಷಯದಲ್ಲಂತೂ ವ್ಯತ್ಯಾಸ ಇನ್ನೂ ಸೂಕ್ಷ್ಮ. 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ ಪ್ರಕಾರ ಸೋತ ಅಭ್ಯರ್ಥಿಯು ಠೇವಣಿಯನ್ನು ಮರಳಿ ಪಡೆಯಬೇಕಾದರೆ ಸಿಂಧುವಾದ ಮತಗಳ ಆರನೆಯ ಒಂದು ಪಾಲಿಗಿಂತ ಹೆಚ್ಚು ಪಡೆದಿರಬೇಕು. ಸರಿಯಾಗಿ ಆರನೆಯ ಒಂದು ಪಾಲು ಬಂದರೆ ಸಾಲದು. ವಿಧಾನಸಭೆಗೆ 10,000 ರೂಪಾಯಿ, ಲೋಕಸಭೆಗೆ 25,000. ಪರಿಶಿಷ್ಟ ಜಾತಿ, ಪಂಗಡದವರಿಗೆ ಅದರ ಅರ್ಧ. ಹಣ ದೊಡ್ಡದಲ್ಲ, ಮಾನ ದೊಡ್ಡದು.

ಸಿಂಧು ಮತಗಳು 1,20,000 ಎಂದಿಟ್ಟುಕೊಳ್ಳೋಣ. ಮಾವನ ಅಭ್ಯರ್ಥಿಗೆ ಬಂದದ್ದು 20,000. ಒಂದನ್ನು ಆರರಿಂದ ಭಾಗಿಸಿ ಬಂದುದನ್ನು ಕಾಗದದಲ್ಲಿ ಬರೆದುಕೊಂಡು, ಅದರಿಂದ ಮತಗಳನ್ನು ಗುಣಿಸುವ ಪದ್ಧತಿ ಕೆಲವರಿಗೆ ಇದೆ. ಉಳಿದ ಅಂಕಿಗಳನ್ನು ಕತ್ತರಿಸಿ ಎಸೆಯುವ ಕ್ಯಾಲ್ಕುಲೇಟರ್ 0.1666666 ಎಂದು ತೋರಿಸುತ್ತದೆ, ಗುಣಿಸಿದರೆ 19,999.992. ಆಹಾ, 20,000 ಅದಕ್ಕಿಂತ ಹೆಚ್ಚು, ಠೇವಣಿ ಉಳಿಯಿತು! ಕೊನೆಯ ಅಂಕಿಯನ್ನು ಏರಿಸಿ ತೋರಿಸುವ ಕ್ಯಾಲ್ಕುಲೇಟರ್ 0.1666667 ಎನ್ನುತ್ತದೆ, ಗುಣಿಸಿದರೆ 20,000.004. ಅಯ್ಯೋ, 20,000 ಅದಕ್ಕಿಂತ ಕಡಿಮೆ, ಠೇವಣಿ ಹೋಯಿತು! ಒಂದು ಮತದ ಸಾವಿರದ ಕೆಲವು ಪಾಲಿಗಾಗಿ ಮಾವ ಅಳಿಯಂದಿರು ಮಾತು ಬಿಡುವ ಹೊತ್ತಿಗೆ, ಬೆಲ್ಲ ಕೊಳ್ಳಲು ಬಂದ ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳು ‘ಆರೆರಡ್ಲ ಹನ್ನೆರಡು’ ಎಂದು ಮುಂದೆ ಸೊನ್ನೆಗಳನ್ನು ಸೇರಿಸಿ, ಆರನೆಯ ಪಾಲು ಸರಿಯಾಗಿ 20,000, ಅದಕ್ಕಿಂತ ಒಂದೂ ಹೆಚ್ಚಿಲ್ಲ, ಠೇವಣಿ ಹೋಯಿತು ಎಂದು ತೀರ್ಪು ಕೊಟ್ಟು ಬೆಲ್ಲ ಹಿಡಿದು ಹೊರಟಿರುತ್ತಾಳೆ. ಮಗ್ಗಿಗೆ ಕಂಪೆನಿ ಇಲ್ಲ.

ಕ್ಯಾಲ್ಕುಲೇಟರುಗಳ ಪಕ್ಷಭೇದಕ್ಕೆ ಹೇಳಿ ಮಾಡಿಸಿದಂತಿದ್ದ ಚುನಾವಣೆಯೆಂದರೆ 2000ದ ಅಮೆರಿಕದ ಅಧ್ಯಕ್ಷ ಚುನಾವಣೆ. ಒಂದು ಕಡೆ ಟೆಕ್ಸಸ್ ರಾಜ್ಯದ ಗವರ್ನರ್ ಜಾರ್ಜ್ ಬುಷ್. ಆ ರಾಜ್ಯದ ಹೆಸರನ್ನೇ ಹೊತ್ತ ಕ್ಯಾಲ್ಕುಲೇಟರ್ ಕಂಪೆನಿ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್. ಇನ್ನೊಂದು ಕಡೆ ಅಲ್ ಗೋರ್. ಅವರನ್ನು ಗೆಲ್ಲಿಸಿದ ಕ್ಯಾಲಿಫೋರ್ನಿಯದಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಕಂಪೆನಿ. ನಡುವೆ ಫ್ಲಾರಿಡ ರಾಜ್ಯ, ಸುಮಾರು ಅರುವತ್ತು ಲಕ್ಷ ಮತ. ಅಂತಿಮ ಅಂತರ 537. ಯಾವ ಕಂಪೆನಿಯ ಕ್ಯಾಲ್ಕುಲೇಟರಿನಲ್ಲಿ ಎಣಿಸಬೇಕೆಂಬ ವಿನೋದ ಹುಟ್ಟಲು ಇನ್ನೇನು ಬೇಕು?

ಇದರಲ್ಲಿ ಹ್ಯೂಲೆಟ್ ಪ್ಯಾಕರ್ಡಿನದು ವಿಚಿತ್ರ ಸ್ವಭಾವ. 1972ರಲ್ಲಿ ಬಂದ ಅದರ ಎಚ್‌ಪಿ–35 ಎಂಬ ಜೇಬಿನ ಕ್ಯಾಲ್ಕುಲೇಟರಿನಲ್ಲಿ ‘=’ ಗುಂಡಿಯೇ ಇರಲಿಲ್ಲ. ಸಮಾನತೆಯ ಗುರುತಿಲ್ಲದ ಯಂತ್ರದಿಂದ ಪ್ರಜಾಪ್ರಭುತ್ವದ ಮತ ಎಣಿಸುವುದೇ ಎಂದು ಎದುರು ಪಕ್ಷದವರು ಮೆರವಣಿಗೆ ತೆಗೆಯಬಹುದಿತ್ತು. ಆ ಪದ್ಧತಿಗೆ ‘ರಿವರ್ಸ್ ಪೋಲಿಶ್’ ಎಂದು ಹೆಸರು. ಪೋಲೆಂಡಿನ ತರ್ಕಶಾಸ್ತ್ರಜ್ಞ ಯಾನ್ ವುಕಾಸಿಯೆವಿಚ್ ಚಿಹ್ನೆಗಳನ್ನು ಸಂಖ್ಯೆಗಳಿಗಿಂತ ಮೊದಲು ಬರೆಯುವ ಕ್ರಮವನ್ನು ತಂದರು. ಅದನ್ನು ತಿರುವುಮುರುವು ಮಾಡಿದ್ದು ಇದು. ನಮ್ಮ ಏಜೆಂಟರ ಕಿವಿಗೆ ಬಿದ್ದರೆ ‘ರಿವರ್ಸ್ ಪೋಲಿಂಗ್’ ಎಂದು ಕೇಳಿಸಿ ಮರುಮತದಾನಕ್ಕೆ ಅರ್ಜಿ ಬರೆದುಬಿಟ್ಟಾರು.

ಆದರೆ ಕನ್ನಡ ಮಾಧ್ಯಮದ ಮಕ್ಕಳು ಈ ಯಂತ್ರವನ್ನು ಕಂಡು ಹೆದರಬೇಕಾಗಿಲ್ಲ. ಅದು ನಮ್ಮ ವ್ಯಾಕರಣದಲ್ಲೇ ಮಾತಾಡುತ್ತದೆ. ಇಂಗ್ಲಿಷಿನವರು ‘ಮೂರು ಪ್ಲಸ್ ನಾಲ್ಕು’ ಎಂದು ಕೆಲಸವನ್ನು ನಡುವೆ ತುರುಕುತ್ತಾರೆ. ನಾವು ‘ಮೂರಕ್ಕೆ ನಾಲ್ಕನ್ನು ಕೂಡಿಸು’ ಎನ್ನುತ್ತೇವೆ; ಸಂಖ್ಯೆಗಳು ಮೊದಲು, ಕ್ರಿಯಾಪದ ಕೊನೆಗೆ. ಆ ಕ್ಯಾಲ್ಕುಲೇಟರಿನಲ್ಲೂ ಮೂರು, ನಾಲ್ಕು, ಆಮೇಲೆ ಕೂಡಿಸುವ ಗುಂಡಿ. ನಮ್ಮ ಹಲಸಿನ ಹುಡುಗಿಯ ಲೆಕ್ಕವನ್ನು ‘ಐವತ್ತನ್ನು ಮೂರರಿಂದ ಗುಣಿಸು, ನಲವತ್ತನ್ನು ಕೂಡಿಸು’ ಎಂದು ಕನ್ನಡದಲ್ಲಿ ಹೇಳಿಕೊಳ್ಳುತ್ತ ಒತ್ತುತ್ತ ಹೋದರೆ 190 ತಾನಾಗಿ ಬರುತ್ತದೆ. ಯಾರಿಗೆ ಮೊದಲ ಮರ್ಯಾದೆ ಎಂಬ ಜಗಳವೇ ಏಳುವುದಿಲ್ಲ. ಕನ್ನಡದಲ್ಲಿ ಗಣಿತ ಕಲಿತರೆ ಮುಂದೆ ಕಷ್ಟವಾಗುತ್ತದೆಂದು ಮದುವೆ ಮನೆಗಳಲ್ಲಿ ಉಪದೇಶಿಸುವ ಬಂಧುಗಳಿಗೆ ಇದನ್ನು ಊಟದ ಪಂಕ್ತಿಯಲ್ಲೇ ಹೇಳಬಹುದು.

ಫ್ಲಾರಿಡದಲ್ಲಿ ಜಗಳವಾದದ್ದು ಕೂಡಿಸುವುದರ ಬಗ್ಗೆ ಅಲ್ಲವೇ ಅಲ್ಲ. ಅಲ್ಲಿ ಅನೇಕ ಕಡೆ ಮತಪತ್ರವೆಂದರೆ ರಟ್ಟಿನ ಕಾರ್ಡು. ಮತದಾರರು ಅದರಲ್ಲಿ ತೂತು ಚುಚ್ಚಬೇಕು. ತೂತಿನಿಂದ ಉದುರಬೇಕಾದ ಚೂರಿಗೆ ‘ಚಾಡ್’ ಎಂದು ಹೆಸರು. ಕೆಲವು ಚಾಡುಗಳು ಉದುರದೆ ನೇತಾಡಿದವು, ಕೆಲವು ಬರಿಯ ಉಬ್ಬಿ ನಿಂತವು. ಉಬ್ಬಿದವುಗಳನ್ನು ಗರ್ಭಿಣಿ ಚಾಡ್ ಎಂದೇ ಕರೆದರು. ಕನ್ನಡದಲ್ಲಿ ಚಾಡಿ ಸಂಸಾರಗಳನ್ನು ಒಡೆಯುವಂತೆ ಅಲ್ಲಿ ಚಾಡ್ ದೇಶವನ್ನೇ ಒಡೆಯಿತು. ನೇತಾಡುವ ಚೂರು ಒಂದು ಮತವೋ ಸೊನ್ನೆಯೋ ಎಂಬುದನ್ನು ಅಧಿಕಾರಿಗಳು ಕಾರ್ಡನ್ನು ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ಟೆಕ್ಸಸಿನ ಕ್ಯಾಲ್ಕುಲೇಟರಿಗಾಗಲಿ ಕ್ಯಾಲಿಫೋರ್ನಿಯದ್ದಕ್ಕಾಗಲಿ ಅದಕ್ಕೊಂದು ಗುಂಡಿ ಇರಲಿಲ್ಲ. ಡಿಸೆಂಬರ್ 12ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳಲ್ಲಿ ಐವರು ಒಂದು ಕಡೆ, ನಾಲ್ವರು ಒಂದು ಕಡೆಯಾಗಿ ಮರುಎಣಿಕೆ ನಿಂತಿತು. ಈ ಕೊನೆಯ ಲೆಕ್ಕವನ್ನು ಬೆರಳಿನಲ್ಲೇ ಮಾಡಬಹುದಿತ್ತು.

ನಮ್ಮ ಕೇರಳವೂ ಇಂಥದಕ್ಕೆ ಹಿಂದೆ ಬಿದ್ದಿಲ್ಲ. ದೇಶದಲ್ಲಿ ಮತಯಂತ್ರವನ್ನು ಮೊತ್ತಮೊದಲು ಬಳಸಿದ್ದು 1982ರಲ್ಲಿ, ಪರವೂರು ವಿಧಾನಸಭಾ ಕ್ಷೇತ್ರದ 50 ಮತಗಟ್ಟೆಗಳಲ್ಲಿ. ಯಂತ್ರ ಬೇಡವೆಂದು ಮೊದಲೇ ಹೈಕೋರ್ಟಿಗೆ ಹೋಗಿದ್ದ ಶಿವನ್ ಪಿಳ್ಳೆಯವರೇ 123 ಮತಗಳಿಂದ ಗೆದ್ದರು. ಈಗ ಯಂತ್ರ ಬೇಡವೆನ್ನುವ ಸರದಿ ಸೋತ ಎ. ಸಿ. ಜೋಸ್ ಅವರದಾಯಿತು. ಯಂತ್ರಕ್ಕೆ ಕಾನೂನಿನ ಆಧಾರವಿಲ್ಲವೆಂದು 1984ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಆ ಮತಗಟ್ಟೆಗಳಲ್ಲಿ ಕಾಗದದ ಮತಪತ್ರದಿಂದ ಮರುಮತದಾನವಾಗಿ ಜೋಸ್ ಗೆದ್ದರು.

ಇನ್ನು ಮಂಜೇಶ್ವರದವರಿಗೆ ಸಣ್ಣ ಸಂಖ್ಯೆಯ ದೊಡ್ಡತನವನ್ನು ಯಾರೂ ಕಲಿಸಬೇಕಾಗಿಲ್ಲ. 2016ರಲ್ಲಿ ಇಲ್ಲಿಯ ಅಂತರ 89, 2021ರಲ್ಲಿ 745. ತಾಳವಾಡಿಯ ಓದುಗರಿಗೆ ನೆರೆಯದಾದ ಚಾಮರಾಜನಗರ ಜಿಲ್ಲೆಯ ಸಂತೆಮರಹಳ್ಳಿ ಕ್ಷೇತ್ರದಲ್ಲಿ 2004ರಲ್ಲಿ ಒಬ್ಬರಿಗೆ 40,752, ಇನ್ನೊಬ್ಬರಿಗೆ 40,751. ಆ ವ್ಯವಕಲನಕ್ಕೆ ಒಂದನೆಯ ತರಗತಿ ಸಾಕು. ಆ ಒಂದೂ ಇಲ್ಲದೆ ಸಮ ಬಂದರೆ ಕಾನೂನು ಕ್ಯಾಲ್ಕುಲೇಟರನ್ನು ಬದಿಗಿಡಿಸಿ ಚೀಟಿ ಎತ್ತಿಸುತ್ತದೆ. ನಮ್ಮ ಪಂಚಾಯತು ವಾರ್ಡುಗಳಲ್ಲಿ ಹಾಗೆ ಗೆದ್ದು ಬಂದವರಿದ್ದಾರೆ.

ಫಲಿತಾಂಶದ ಗದ್ದಲ ಮುಗಿದ ಮೇಲೆ ಬರುವ ಇನ್ನೊಂದು ಎಣಿಕೆಗೆ ಟಿ.ವಿ.ಯವರು ಬರುವುದಿಲ್ಲ. ಜೂನಿನಲ್ಲಿ ಶಾಲೆ ತೆರೆದ ಆರನೆಯ ಕೆಲಸದ ದಿನದ ತಲೆ ಎಣಿಕೆಯದು. ಅಧ್ಯಾಪಕರ ಹುದ್ದೆಗಳು ನಿಲ್ಲುವುದು ಅದರ ಮೇಲೆ. ಇಲ್ಲಿಯೂ ಆರು ಬಂತು ನೋಡಿ. 1949ರಲ್ಲಿ ಪ್ರಾಂತಗಳ ಶಿಕ್ಷಣ ಮಂತ್ರಿಗಳ ಸಮ್ಮೇಳನವು ಒಂದು ಭಾಷೆಯ ಮಕ್ಕಳು ತರಗತಿಯಲ್ಲಿ 10 ಅಥವಾ ಶಾಲೆಯಲ್ಲಿ 40 ಇದ್ದರೆ ಅವರಿಗೆ ಆ ಭಾಷೆಯ ಅಧ್ಯಾಪಕರನ್ನು ಕೊಡಬೇಕೆಂದು ಒಪ್ಪಿತ್ತು. ಅಂದಿನಿಂದ ಗಡಿಯಾಚೆಯ ಕನ್ನಡಿಗರಿಗೆ 10 ಎಂಬುದು ಬರಿಯ ಸಂಖ್ಯೆಯಾಗಿ ಉಳಿದಿಲ್ಲ. 9.99ನ್ನು ಏರಿಸಿ 10 ಎಂದು ತೋರಿಸುವ ಕ್ಯಾಲ್ಕುಲೇಟರ್ ಇದೆ. 9 ಮಕ್ಕಳನ್ನು ಏರಿಸಿ 10 ಎಂದು ತೋರಿಸುವ ಹಾಜರಿ ಪುಸ್ತಕ ಇಲ್ಲ. ಇದ್ದರೆ ಅದಕ್ಕೆ ಬೇರೆ ಹೆಸರು, ಬೇರೆ ಕಾಯ್ದೆ.

ಆದುದರಿಂದ ಮಾವ ಅಳಿಯಂದಿರಲ್ಲಿ ಒಂದು ವಿನಂತಿ. ಆರನೆಯ ದಿನ ಮಳೆ ಎಷ್ಟೇ ಸುರಿಯಲಿ, ಪಕ್ಕದೂರಿನಲ್ಲಿ ಗೃಹಪ್ರವೇಶವೇ ಇರಲಿ, ಮನೆಯ ಮಗುವಿಗೊಂದು ಕೊಡೆ ಕೊಟ್ಟು ಶಾಲೆಗೆ ಕಳುಹಿಸಿರಿ. ಅಂದು ಮುಖ್ಯೋಪಾಧ್ಯಾಯರು ಜಗಲಿಯಲ್ಲಿ ನಿಂತು, ಸಾಲಾಗಿ ನೇತುಹಾಕಿದ ಕೊಡೆಗಳನ್ನು ಎಣಿಸುತ್ತಿರುತ್ತಾರೆ.