ಮಧುರೆಯ ಇರುಳು ಮತ್ತು ಸಮಣರ ಬೆಟ್ಟ

ಮಧುರೆಗೆ ಹೋಗುವ ಪ್ರವಾಸಿಗಳ ಕಾರ್ಯಸೂಚಿ ಬಹುಮಟ್ಟಿಗೆ ಒಂದೇ. ಬೆಳಿಗ್ಗೆ ಮೀನಾಕ್ಷಿ ದೇವಾಲಯ, ಮಧ್ಯಾಹ್ನ 1636ರಲ್ಲಿ ಕಟ್ಟಿದ ತಿರುಮಲೈ ನಾಯಕರ ಅರಮನೆ, ಸಂಜೆ ವಂಡಿಯೂರಿನ ತೆಪ್ಪಕುಳ, ಕತ್ತಲಾದ ಮೇಲೆ ಮಾಸಿ ಬೀದಿಗಳಲ್ಲಿ ಬಿಸಿ ಇಡ್ಲಿ, ಪರೋಟ, ಜಿಗರ್‌ಥಂಡಾ. ದೇವಾಲಯದ ಬಾಗಿಲು ಹಾಕುವ ಮುನ್ನ ಸುಂದರೇಶ್ವರನನ್ನು ಪಲ್ಲಕ್ಕಿಯಲ್ಲಿ ದೇವಿಯ ಪಳ್ಳಿಯರೆಗೆ ಬಿಜಯಂಗೈಸುವ ಸೇವೆಯನ್ನೂ ನೋಡಬಹುದು. ವೈಗೈ ತೀರದ ಈ ಊರನ್ನು ತಮಿಳರು 'ತೂಂಗಾ ನಗರಂ', ನಿದ್ರಿಸದ ನಗರ, ಎಂದು ಕರೆಯುವುದು ಸುಮ್ಮನೆ ಅಲ್ಲ. ಈ ಕಾರ್ಯಸೂಚಿಯಲ್ಲಿ ತಪ್ಪೇನೂ ಇಲ್ಲ. ಆದರೆ ಸಾಹಿತ್ಯದ ವಿದ್ಯಾರ್ಥಿಗೆ ಇದು ಸಾಲದೆಂಬುದು ನನ್ನ ಅಭಿಪ್ರಾಯ.

ಮಧುರೆಯ ರಾತ್ರಿಜೀವನ ಇಂದಿನ ಪ್ರವಾಸೋದ್ಯಮದ ಸೃಷ್ಟಿಯಲ್ಲ. ಸಂಗಂ ಸಾಹಿತ್ಯದ 'ಪತ್ತುಪ್ಪಾಟ್ಟು' ಸಂಕಲನದಲ್ಲಿ ಸೇರಿರುವ, ಮಾಂಗುಡಿ ಮರುದನಾರ್ ರಚಿಸಿದ 'ಮದುರೈಕ್ಕಾಂಜಿ' 782 ಸಾಲುಗಳ ಕಾವ್ಯ. ಅದರಲ್ಲಿ ನಾಳಂಗಾಡಿ ಎಂಬ ಹಗಲಿನ ಪೇಟೆ ಇದೆ, ಅಲ್ಲಂಗಾಡಿ ಎಂಬ ಇರುಳಿನ ಪೇಟೆಯೂ ಇದೆ. ಕವಿ ರಾತ್ರಿಯನ್ನು ಜಾವ ಜಾವವಾಗಿ ವರ್ಣಿಸುತ್ತಾನೆ. ದೀಪಗಳು ಹೊತ್ತಿಕೊಳ್ಳುತ್ತವೆ, ವೇಶ್ಯಾವಾಟಿಕೆ ಎಚ್ಚರಗೊಳ್ಳುತ್ತದೆ, ಸಿಹಿತಿಂಡಿ ಮಾರುವವರು ತಮ್ಮ ಮಾಲಿನ ಬಳಿಯಲ್ಲೇ ತೂಕಡಿಸುತ್ತಾರೆ, ಕಳ್ಳರು ಹೊರಡುತ್ತಾರೆ, ಅವರ ಬೆನ್ನಿಗೆ ಕಾವಲುಗಾರರು. ಅದೇ ನಗರವರ್ಣನೆಯೊಳಗೆ ಬೌದ್ಧರ, ವೈದಿಕರ ನೆಲೆಗಳ ಜೊತೆಗೆ ಜೈನ ಪಳ್ಳಿಗೂ ಜಾಗವಿದೆ. ಮತ್ತೊಂದು ಮಾತು ಮುಖ್ಯ: 'ಕಾಂಜಿ' ಎಂಬುದು ಲೋಕದ ಅನಿತ್ಯತೆಯನ್ನು ಹೇಳುವ ಕಾವ್ಯಪ್ರಕಾರ. ಅಷ್ಟೆಲ್ಲ ದೀಪಗಳನ್ನು ಹಚ್ಚಿ ಕವಿ ಪಾಂಡ್ಯ ನೆಡುಂಜೆಳಿಯನಿಗೆ ನೆನಪಿಸುವುದು ಆ ದೀಪಗಳು ಆರುತ್ತವೆ ಎಂಬುದನ್ನೇ.

'ಶಿಲಪ್ಪದಿಕಾರಂ' ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಕೋವಲ-ಕಣ್ಣಗಿಯರನ್ನು ಮಧುರೆಗೆ ಕರೆತರುವವಳು ಜೈನ ಸಾಧ್ವಿ ಕವುಂದಿ. ತೆಪ್ಪದಲ್ಲಿ ವೈಗೈ ದಾಟಿದ ಮೇಲೆ ಅವರನ್ನು ಆಕೆ ಕೋಟೆಯ ಹೊರಗೆ ಗೊಲ್ಲಗಿತ್ತಿ ಮಾದರಿಯ ಆಶ್ರಯದಲ್ಲಿ ಬಿಡುತ್ತಾಳೆ. ಕೋವಲನು ಶ್ರಾವಕವ್ರತಿ, ಹಗಲಿನಲ್ಲಿ ಉಣ್ಣುವವನು. ಆದ್ದರಿಂದ ಅಡುಗೆಗೆ ತಕ್ಕ ಪಾತ್ರೆಗಳನ್ನು ಬೇಗ ಒದಗಿಸಬೇಕೆಂದು ಮಾದರಿ ಅವಸರಪಡುತ್ತಾಳೆ. ಇರುಳಿನ ಊಟಕ್ಕೆ ಹೆಸರಾದ ನಗರದ ಅಂಚಿನಲ್ಲಿ, ಸೂರ್ಯಾಸ್ತದೊಳಗೆ ಮುಗಿಯಬೇಕಾದ ಒಂದು ಊಟ. ಇಳಂಗೋ ಅಡಿಗಳು ಇದಕ್ಕೆ ವ್ಯಾಖ್ಯಾನ ಸೇರಿಸುವುದಿಲ್ಲ. ಅದು ಕಣ್ಣಗಿ ಗಂಡನಿಗೆ ಬಡಿಸಿದ ಕೊನೆಯ ಊಟ ಎಂಬುದು ಮುಂದೆ ತಿಳಿಯುತ್ತದೆ.

ಕೆಲವು ವರ್ಷಗಳ ಹಿಂದೆ ಸ್ನಾತಕೋತ್ತರ ವಿದ್ಯಾರ್ಥಿಗಳೊಂದಿಗೆ ಮಧುರೆಗೆ ಹೋಗಿದ್ದೆ. ಕೀಳಕುಯಿಲ್‌ಕುಡಿಯ ಸಮಣರಮಲೈಗೆ ಹೋಗಬೇಕೆಂದಾಗ ನಮ್ಮ ಮಾರ್ಗದರ್ಶಿ, "ಅಲ್ಲೇನಿದೆ ಸಾರ್, ಬರೀ ಕಲ್ಲು" ಎಂದ. ನಗರದಿಂದ 10–15 ಕಿಲೋಮೀಟರ್ ದೂರದ ಆ ಕಲ್ಲಿನಲ್ಲಿ ಇರುವುದೇನು? ಬುಡದಲ್ಲಿ ತಾವರೆಗೆರೆ, ಅಯ್ಯನಾರ್ ಗುಡಿ. ಸೆಟ್ಟಿಪೊಡವಿನಲ್ಲಿ ಗುಹೆಯ ಹೊರಗೆ ಭವ್ಯವಾದ ತೀರ್ಥಂಕರ, ಒಳಗೆ ಸಿಂಹವಾಹಿನಿ ಯಕ್ಷಿ. ಪೇಚ್ಚಿಪಳ್ಳಂನಲ್ಲಿ ಸಾಲಾಗಿ ಬಿಡಿಸಿದ ಉಬ್ಬುಶಿಲ್ಪಗಳು. ಅವುಗಳ ನಡುವೆ ಪಾರ್ಶ್ವನಾಥ, ಬಾಹುಬಲಿ. ಕೆಳಗಿನ ವಟ್ಟೆಳುತ್ತು ಬರಹಗಳಲ್ಲಿ ಅಜ್ಜನಂದಿಯ ತಾಯಿ ಗುಣಮತಿಯ ಹೆಸರಿದೆ. ಇನ್ನೂ ಮೇಲೆ, ದೀಪಸ್ತಂಭದ ಬಳಿ, ಕನ್ನಡದಲ್ಲಿ ಒಂದು ಶಾಸನ: ಮೂಲಸಂಘದ, ಬೆಳ್ಗೊಳದ ನಂಟಿನ ಮುನಿಗಳ ಹೆಸರುಗಳು. ವಿದ್ಯಾರ್ಥಿನಿಯೊಬ್ಬಳು ಬೆರಳಿಟ್ಟು ಅಕ್ಷರ ಕೂಡಿಸಿ ಓದತೊಡಗಿದಾಗ ಉಳಿದವರ ಹರಟೆ ತಾನಾಗಿ ನಿಂತಿತು. ಮಾರ್ಗದರ್ಶಿಯೂ ಬಂದು ಬಗ್ಗಿ ನೋಡಿದ.

ಆದರೆ ದಾರಿಯಲ್ಲಿ ಅದೇ ಮಾರ್ಗದರ್ಶಿ ಯಾನೈಮಲೈಯನ್ನು ತೋರಿಸಿ, ಮಧುರೆಯನ್ನು ನಾಶಮಾಡಲು ಸಮಣರು ಮಂತ್ರದಿಂದ ಕಳಿಸಿದ ಆನೆಯೇ ಕಲ್ಲಾಯಿತೆಂಬ ಪುರಾಣವನ್ನು ಉತ್ಸಾಹದಿಂದ ಹೇಳಿದ್ದ. ಸಂಬಂದರೊಡನೆ ವಾದದಲ್ಲಿ ಸೋತ 8000 ಸಮಣರು ಶೂಲಕ್ಕೇರಿದ ಕಥೆಯನ್ನೂ ಹೇಳಿದ. ಇಂಥ ಕಥೆಗಳನ್ನು ಎರಡೂ ಕಡೆಯವರು ಚರಿತ್ರೆಯೆಂದು ಓದುತ್ತಿರುವುದು ನನ್ನ ನಿಜವಾದ ತಕರಾರು. ಒಬ್ಬರು ವಿಜಯವೆಂದು ಹೇಳಿದರೆ ಇನ್ನೊಬ್ಬರು, ನಮ್ಮವರೂ ಸೇರಿ, ಗಾಯವೆಂದು ಹೇಳುತ್ತಾರೆ. ಸಂಬಂದರ ಕಾಲ 7ನೆಯ ಶತಮಾನ. ಕಥೆಯನ್ನು ವಿಸ್ತರಿಸಿದ 'ಪೆರಿಯಪುರಾಣಂ' 12ನೆಯ ಶತಮಾನದ್ದು. ಸಮಣರಮಲೈಯ ಶಿಲ್ಪಗಳು 9–10ನೆಯ ಶತಮಾನದವು. ಅಂದರೆ ಜೈನರು ಮಧುರೆಯಿಂದ ಅಳಿದುಹೋದರೆಂದು ಕಥೆ ಸೂಚಿಸುವ ಕಾಲದ ನಂತರ, ಎರಡು ಶತಮಾನಗಳಾದ ಮೇಲೂ, ಇಲ್ಲಿ ಗುರುಗಳಿದ್ದರು, ಶಿಷ್ಯರಿದ್ದರು, ದಾನಿಗಳಿದ್ದರು. ವೈರವೇ ಇರಲಿಲ್ಲವೆಂದು ಇದರಿಂದ ಸಾಧಿಸಲಾಗದು. ಭಕ್ತಿಗೀತೆಗಳಲ್ಲಿ ಅದರ ಕಾವು ಸ್ಪಷ್ಟವಾಗಿದೆ. ಆದರೆ ಕಥೆಯೊಂದೇ ಸಾಕ್ಷಿಯಾಗಲಾರದು ಎಂಬುದಂತೂ ಸಾಧಿತ. ಕಾವ್ಯವನ್ನೂ ಶಾಸನವನ್ನೂ ಒಟ್ಟಿಗೆ ಓದದವನಿಗೆ ಮಧುರೆ ಅರ್ಧ ಮಾತ್ರ ಸಿಗುತ್ತದೆ.

ಆದ್ದರಿಂದ ಅಧ್ಯಯನ ಪ್ರವಾಸ ಯೋಜಿಸುವ ಅಧ್ಯಾಪಕ ಮಿತ್ರರಲ್ಲಿ ನನ್ನ ವಿನಂತಿ ಇಷ್ಟು. ಮಧುರೆಗೆ ಎರಡು ದಿನ ಕೊಡಿ. ಮೊದಲ ಇರುಳನ್ನು ನಗರಕ್ಕೇ ಬಿಡಿ. ಹುಡುಗರು ಬೀದಿ ಸುತ್ತಲಿ, ಪಳ್ಳಿಯರೆ ಸೇವೆ ನೋಡಲಿ, ಮಲ್ಲಿಗೆಯ ರಾಶಿಯ ಮುಂದೆ ನಿಲ್ಲಲಿ. 'ಮದುರೈಕ್ಕಾಂಜಿ'ಯ ಜಾವಗಳನ್ನು ಅನುವಾದದಲ್ಲಾದರೂ ಓದಿಕೊಂಡು ಹೋಗಲಿ. ಮರುದಿನ ಬಿಸಿಲೇರುವ ಮುನ್ನ ಬೆಟ್ಟ ಹತ್ತಿಸಿ. ಸಮಯವಿದ್ದರೆ ಮಾಂಗುಳಂನ ತಮಿಳು-ಬ್ರಾಹ್ಮಿ ಶಾಸನಗಳಿಗೂ ಕರೆದೊಯ್ಯಿರಿ. ಅಲ್ಲಿಯೂ ನೆಡುಂಜೆಳಿಯನೆಂಬ ಹೆಸರಿದೆ, ಮುನಿಗೆ ಕೊಟ್ಟ ಕಲ್ಲುಹಾಸಿನ ಮಾತಿದೆ. ಕಾವ್ಯದ ನೆಡುಂಜೆಳಿಯನೂ ಇವನೂ ಒಬ್ಬನೆಂದು ಅವಸರದಲ್ಲಿ ತೀರ್ಮಾನಿಸದಿರಲು ಕಲಿಸುವುದಕ್ಕೂ ಅದೇ ತಕ್ಕ ಸ್ಥಳ.

ಬೆಟ್ಟದಿಂದ ಇಳಿಯುವಾಗ ನಮ್ಮ ಮಾರ್ಗದರ್ಶಿ ಕೇಳಿದ್ದು ಒಂದೇ ಪ್ರಶ್ನೆ: "ಆ ಕನ್ನಡದಲ್ಲಿ ಏನು ಬರೆದಿದೆ ಸಾರ್, ಮುಂದೆ ಬರುವವರಿಗೆ ಹೇಳಬೇಕಲ್ಲ?" ವಿದ್ಯಾರ್ಥಿನಿ ಆ ಹೆಸರುಗಳನ್ನು ತಮಿಳು ಲಿಪಿಯಲ್ಲಿ ಬರೆಸಿಕೊಟ್ಟಳು. ಆತ ಚೀಟಿಯನ್ನು ಮಡಚಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡ.