ನಮ್ಮ ಕೀಬೋರ್ಡಿಗೆ ನಮ್ಮದೇ ಸಂಖ್ಯೆ ಬೇಡವೇ?

ಈ ಬಾರಿಯ ವಿಜ್ಞಾನ ವಸ್ತುಪ್ರದರ್ಶನಕ್ಕೆ ನಾವು ನಾಲ್ವರು ಸೇರಿ ಆರು ದೊಡ್ಡ ಗುಂಡಿಗಳ ಕೀಬೋರ್ಡ್ ಮಾಡಿದ್ದೆವು. ಕೈ ನಡುಗುವ ಹಿರಿಯರೂ ಸುಲಭವಾಗಿ ಒತ್ತುವಂತಿರಬೇಕು ಎಂಬುದು ನಮ್ಮ ಆಸೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಅದು ಚೆನ್ನಾಗಿಯೇ ನಡೆಯಿತು. ಪ್ರದರ್ಶನದ ದಿನ ಲ್ಯಾಬಿನ ಕಂಪ್ಯೂಟರಿಗೆ ಸಿಕ್ಕಿಸಿದಾಗ ಒಂದಕ್ಷರವೂ ಮೂಡಲಿಲ್ಲ. ತಪ್ಪು ವೈರಿನದಲ್ಲ, ನನ್ನದು.

ಯುಎಸ್‌ಬಿ ಸಾಧನವನ್ನು ಸಿಕ್ಕಿಸಿದ ಕೂಡಲೇ ಅದು ಕಂಪ್ಯೂಟರಿಗೆ ಎರಡು ಸಂಖ್ಯೆ ಹೇಳುತ್ತದೆ: ಒಂದು ತಯಾರಕರದು, ಇನ್ನೊಂದು ಆ ಉತ್ಪನ್ನದ್ದು. ಪರೀಕ್ಷೆಯಲ್ಲಿ ನಮಗಿರುವ ರಿಜಿಸ್ಟರ್ ನಂಬರ್ ಇದ್ದಂತೆ. ಇವನ್ನು ನೋಡಿಯೇ ಕಂಪ್ಯೂಟರ್ ಸರಿಯಾದ ಡ್ರೈವರನ್ನು ಹುಡುಕುತ್ತದೆ. ಕೆಲಸ ಬೇಗ ಮುಗಿಯಲೆಂದು ನಾನು ಬೇರೊಂದು ಕಂಪನಿಯ ಸಾಧನದ ಸಂಖ್ಯೆಗಳನ್ನು ನಕಲು ಮಾಡಿದ್ದೆ. ಲ್ಯಾಬಿನಲ್ಲಿ ಆ ಕಂಪನಿಯ ಡ್ರೈವರ್ ಮೊದಲೇ ಇತ್ತು. ನಮ್ಮ ಕೀಬೋರ್ಡನ್ನು ಅದು ತನ್ನದೆಂದೇ ತಿಳಿಯಿತು.

ತಯಾರಕರ ಸಂಖ್ಯೆ ಕೊಡುವುದು ಅಮೆರಿಕದ ಯುಎಸ್‌ಬಿ ಇಂಪ್ಲಿಮೆಂಟರ್ಸ್ ಫೋರಮ್. ಸದಸ್ಯರಲ್ಲದವರಿಗೆ ಶುಲ್ಕ 6,000 ಡಾಲರ್, ಅಂದರೆ ಸುಮಾರು 5 ಲಕ್ಷ ರೂಪಾಯಿ. ಅದರೊಂದಿಗೆ 65,536 ಉತ್ಪನ್ನ ಸಂಖ್ಯೆಗಳು ಸಿಗುತ್ತವೆ. ನಮಗೆ ಬೇಕಾದದ್ದು ಒಂದೇ ಒಂದು! ಮನೆಗೊಂದು ನಂಬರ್ ಕೇಳಿದರೆ ಬೀದಿಯನ್ನೇ ಕೊಂಡುಕೋ ಎಂದಂತಾಯಿತು. ಇದು ಸಣ್ಣವರಿಗೆ ಆಗುವ ಅನ್ಯಾಯ ಎಂದೇ ನನ್ನ ಅಭಿಪ್ರಾಯ.

ಹಾಗೆಂದು ಇನ್ನೊಬ್ಬರ ಸಂಖ್ಯೆ ಎತ್ತಿಕೊಳ್ಳಬಹುದೇ? "ಪ್ರದರ್ಶನಕ್ಕೆ ತಾನೇ, ಯಾರು ನೋಡುತ್ತಾರೆ?" ಎಂದು ಗೆಳೆಯರು ಕೇಳಿದರು. ಆದರೆ ಅದೇ ಕೀಬೋರ್ಡ್ ಯಾವುದೋ ಅಜ್ಜನ ಮನೆ ಸೇರಿ ಅಲ್ಲಿ ಕೈಕೊಟ್ಟರೆ, ಕಾರಣ ಅವರಿಗೆ ಎಂದೂ ತಿಳಿಯದು.

ಬೇರೆ ದಾರಿಯೂ ಇದೆ. 'ಪಿಐಡಿ ಕೋಡ್ಸ್' ಎಂಬ ಯೋಜನೆಯವರು, ಮುಚ್ಚಿಹೋದ ಕಂಪನಿಯೊಂದರ ಬಳಿಯಿದ್ದ ತಯಾರಕ ಸಂಖ್ಯೆಯಡಿ (ಹೆಕ್ಸಾಡೆಸಿಮಲ್‌ನಲ್ಲಿ 1209) ಉತ್ಪನ್ನ ಸಂಖ್ಯೆಗಳನ್ನು ಉಚಿತವಾಗಿ ಹಂಚುತ್ತಾರೆ. ಫೋರಮ್ಮಿನ ಒಪ್ಪಿಗೆ ಇದಕ್ಕಿಲ್ಲ, ನಿಜ. ಆದರೂ ಎರಡು ಸಾಧನಗಳಿಗೆ ಒಂದೇ ಸಂಖ್ಯೆ ಬೀಳದಂತೆ ಲೆಕ್ಕ ಇಡುತ್ತಾರೆ. ಷರತ್ತು ಇಷ್ಟೇ: ನಮ್ಮ ವಿನ್ಯಾಸ, ಪ್ರೋಗ್ರಾಂ ಎಲ್ಲರಿಗೂ ಮುಕ್ತವಾಗಿರಬೇಕು.

ನಮ್ಮಲ್ಲಿ ಆಗುತ್ತಿರುವುದೇನು? ಪ್ರದರ್ಶನ ಮುಗಿದೊಡನೆ ಪ್ರಾಜೆಕ್ಟುಗಳು ಬೀರು ಸೇರುತ್ತವೆ. ಮುಂದಿನ ವರ್ಷದವರು ಮತ್ತೆ ಮೊದಲಿನಿಂದ ಆರಂಭಿಸುತ್ತಾರೆ. ಎಲ್ಲ ಪ್ರಾಜೆಕ್ಟುಗಳ ಸರ್ಕ್ಯೂಟ್ ಮತ್ತು ಪ್ರೋಗ್ರಾಂಗಳನ್ನು ಕಾಲೇಜು ಒಂದೆಡೆ ಮುಕ್ತವಾಗಿ ಪ್ರಕಟಿಸಲಿ ಎಂದು ಉಪನ್ಯಾಸಕರಲ್ಲಿ ನನ್ನ ವಿನಂತಿ. ಕಿರಿಯರಿಗೂ ದಾರಿಯಾಗುತ್ತದೆ, ನಮಗೂ ಸ್ವಂತ ಸಂಖ್ಯೆ ಕೇಳುವ ಹಕ್ಕು ಬರುತ್ತದೆ.

ನಮ್ಮ ಸರ್ಕ್ಯೂಟನ್ನು ಈಗ ನೀಟಾಗಿ ಬರೆದಿಡುತ್ತಿದ್ದೇವೆ. ನಕಲು ಮಾಡಿದ ಸಂಖ್ಯೆಯನ್ನು ಮೊದಲೇ ಅಳಿಸಿದ್ದೇನೆ.