ಕರ್ಣನಿಗಾಗಿ ಸುರಿದ ಕಣ್ಣೀರು

ಸುಗ್ಗಿ ಮುಗಿದ ಮೇಲೆ ಲಿಂಗಸುಗೂರು ತಾಲ್ಲೂಕಿನ ಹಳ್ಳಿಯೊಂದರಲ್ಲಿ ದೊಡ್ಡಾಟ ನೋಡಲು ಹೋಗಿದ್ದೆ. ಪ್ರಸಂಗ ಕರ್ಣಪರ್ವ. ಬೆಳಗಿನ ಜಾವದ ಹೊತ್ತಿಗೆ ರಥದ ಗಾಲಿ ನೆಲದಲ್ಲಿ ಹೂತು ಕರ್ಣನು ಬಿದ್ದಾಗ, ನನ್ನ ಪಕ್ಕದಲ್ಲಿ ಕುಳಿತಿದ್ದ ವೃದ್ಧೆಯೊಬ್ಬಳು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಓದಿದವನೆಂಬ ಬಿಗುಮಾನದಿಂದ ನಾನು, “ಯಮ್ಮಾ, ಯಾಕ ಅಳತೀ? ಕರ್ಣನ ವೇಷ ಹಾಕಿದಾತ ನಿಮ್ಮೂರ ಹುಡುಗನೇ ಅಲ್ಲೇನು?” ಎಂದೆ. ಆಕೆ ನನ್ನ ಕಡೆ ತಿರುಗದೆಯೇ, “ಗೊತ್ತೈತಿ ತಮ್ಮಾ. ಹುಡುಗ ಎದ್ದು ಮನೀಗೆ ಹೋಗ್ತಾನ. ಕರ್ಣ ಎಲ್ಲಿಗೆ ಹೋಗ್ಬೇಕು?” ಎಂದಳು. ನಾನು ನಿರುತ್ತರನಾದೆ.

ನನ್ನ ಪ್ರಶ್ನೆ ಹೊಸದಲ್ಲ. ಆನಾ ಕರೆನಿನಾ ಎಂಬ ಹೆಂಗಸು ಲೋಕದಲ್ಲಿ ಇರಲೇ ಇಲ್ಲವೆಂದು ಬಲ್ಲ ನಾವು ಆಕೆಗಾಗಿ ಮರುಗುವುದೆಂತು ಎಂದು ಆಂಗ್ಲ ತತ್ತ್ವಜ್ಞ ಕಾಲಿನ್ ರ‍್ಯಾಡ್‌ಫರ್ಡ್ 1975ರಲ್ಲಿ ಕೇಳಿದರು. ಈ ಮರುಕ ನಮಗೆ ಸಹಜವಾದರೂ ತರ್ಕಕ್ಕೆ ಅಸಂಗತವೆಂಬುದು ಅವರ ತೀರ್ಮಾನ. 1978ರಲ್ಲಿ ಅಮೆರಿಕದ ಕೆಂಡಲ್ ವಾಲ್ಟನ್, ಕತೆಯ ಮುಂದೆ ನಾವು ಪಡುವ ಭಯ ಮಕ್ಕಳ ಆಟದೊಳಗಿನ ಭಯದಂಥದು, ನಿಜವಾದ ಭಯವಲ್ಲ ಎಂದು ವಾದಿಸಿದರು. ಆದರೆ ಆ ವೃದ್ಧೆ ಭ್ರಾಂತಳೂ ಆಗಿರಲಿಲ್ಲ, ಆಟವನ್ನೂ ಆಡುತ್ತಿರಲಿಲ್ಲ. ಹುಡುಗ ಬೇರೆ, ಕರ್ಣ ಬೇರೆ ಎಂಬುದನ್ನು ನನಗಿಂತ ಚೆನ್ನಾಗಿ ಬಲ್ಲವಳಾಗಿದ್ದಳು. ನಮ್ಮ ಪ್ರಾಚೀನ ಆಲಂಕಾರಿಕರಾದ ಭಟ್ಟನಾಯಕ, ಅಭಿನವಗುಪ್ತರು ಇದನ್ನು ಸಾಧಾರಣೀಕರಣವೆಂದು ಕರೆದರು. ಕಾವ್ಯದಲ್ಲಿ ದುಃಖವು ‘ಅವನದು’, ‘ನನ್ನದು’ ಎಂಬ ಹಂಗನ್ನು ಕಳಚಿಕೊಂಡು ಎಲ್ಲರದೂ ಆಗುತ್ತದೆ. ಹಾಗಾದುದರಿಂದಲೇ ಸಹೃದಯನು ಅದನ್ನು ಆಸ್ವಾದಿಸಬಲ್ಲನು.

ಕವಿಯೂ ಈ ಸೆಳೆತಕ್ಕೆ ಹೊರತಲ್ಲ. 941ರಲ್ಲಿ ‘ವಿಕ್ರಮಾರ್ಜುನ ವಿಜಯ’ವನ್ನು ಬರೆದ ಪಂಪನು ತನ್ನ ಆಶ್ರಯದಾತ ಅರಿಕೇಸರಿಯನ್ನೇ ಅರ್ಜುನನೊಡನೆ ಸಮೀಕರಿಸಿದನು. ಕಾವ್ಯದ ಹೆಸರು ಅರ್ಜುನನದು, ಗೆಲವೂ ಅವನದೇ. ಕವಿಯ ಮನಸ್ಸು ಮಾತ್ರ ಮತ್ತೆ ಮತ್ತೆ ಕರ್ಣನ ಕಡೆಗೆ ಹರಿಯುತ್ತದೆ.

ಪ್ರತಿವರ್ಷ ನಾನು ವಿದ್ಯಾರ್ಥಿಗಳನ್ನು ಮಸ್ಕಿಯ ಬೆಟ್ಟಕ್ಕೆ ಕರೆದೊಯ್ಯುತ್ತೇನೆ. 1915ರಲ್ಲಿ ಗಣಿ ಇಂಜಿನಿಯರ್ ಬೀಡನ್ ಅಲ್ಲಿ ಕಂಡ ಬಂಡೆಯ ಬರಹದಿಂದಲೇ ‘ದೇವಾನಾಂಪ್ರಿಯ’ನು ಅಶೋಕನೆಂಬುದು ದೃಢಪಟ್ಟಿತು. ರಕ್ತಮಾಂಸಗಳಿಂದ ಬದುಕಿದ್ದ ಚಕ್ರವರ್ತಿ. ಅವನ ಹೆಸರು ಕಣ್ಣೆದುರಿಗೇ ಇದೆ. ಹುಡುಗರು ಬರೆದುಕೊಳ್ಳುತ್ತಾರೆ, ಚಿತ್ರ ತೆಗೆಯುತ್ತಾರೆ, ಯಾರ ಕಣ್ಣೂ ಒದ್ದೆಯಾಗುವುದಿಲ್ಲ. ಆದರೆ ಕಳಿಂಗದ ಹತ್ಯೆಗಾಗಿ ಅವನು ಪಟ್ಟ ಪಶ್ಚಾತ್ತಾಪವನ್ನು, ಬೇರೆಡೆಯ ಅವನದೇ ಶಾಸನದಲ್ಲಿರುವುದನ್ನು, ನಾನು ಹೇಳತೊಡಗಿದೊಡನೆ ಮುಖಗಳ ಬಣ್ಣ ಬದಲಾಗುತ್ತದೆ. ಮನುಷ್ಯನು ಇದ್ದನೆಂಬ ಸಾಕ್ಷ್ಯ ನಮ್ಮನ್ನು ಅಲುಗಿಸುವುದಿಲ್ಲ. ಅವನ ಅಳಲಿನ ಒಳಗು ನಮಗೆ ತೆರೆದುಕೊಂಡಾಗ ನಾವು ಅಲುಗುತ್ತೇವೆ.

ಇಷ್ಟಕ್ಕೇ ನಿಂತರೆ ಇದು ಸಾಹಿತ್ಯದ ಸ್ತುತಿಯಾದೀತು. ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1890ರ ತಮ್ಮ ಗ್ರಂಥದಲ್ಲಿ ರಷ್ಯಾದ ಸಿರಿವಂತ ಮಹಿಳೆಯೊಬ್ಬಳ ದೃಷ್ಟಾಂತ ಕೊಡುತ್ತಾರೆ. ಆಕೆ ನಾಟಕಶಾಲೆಯೊಳಗೆ ಪಾತ್ರಗಳಿಗಾಗಿ ಅಳುತ್ತಿರುವಾಗ, ಹೊರಗೆ ಆಕೆಯ ಗಾಡಿ ಹೊಡೆಯುವವನು ಚಳಿಗೆ ಸೆಟೆದು ಸಾಯುತ್ತಿದ್ದಾನೆ. ಕಾರ್ಯಕ್ಕೆ ಇಳಿಯದ ಭಾವವು ಅಭ್ಯಾಸವಾದರೆ ಮನಸ್ಸು ಜಡವಾಗುತ್ತದೆಂಬುದು ಅವರ ಎಚ್ಚರಿಕೆ.

ಆ ಮಹಿಳೆ ನಾನೇ ಎಂದು ನನಗೆ ತಿಳಿದದ್ದು ಸಿಂಧನೂರಿನ ತರಗತಿಯಲ್ಲಿ. ಅಂದಿನ ಪಾಠ ಅಸ್ತ್ರವಿದ್ಯೆಯ ಪ್ರದರ್ಶನ: ತುಂಬಿದ ಸಭೆಯಲ್ಲಿ ಕರ್ಣನ ಕುಲವನ್ನು ಕೇಳಿ ಅವನನ್ನು ತಲೆತಗ್ಗಿಸುವಂತೆ ಮಾಡುವ ಪ್ರಸಂಗ. ಪಾಠ ಹೇಳುತ್ತ ನನ್ನ ಕಂಠ ಗದ್ಗದವಾಯಿತು. ಗಂಟೆ ಮುಗಿಯುವ ಮುನ್ನ ವಿದ್ಯಾರ್ಥಿವೇತನದ ಪಟ್ಟಿ ಮಾಡಬೇಕಿತ್ತು. ನಾನು ಹಾಜರಿ ಪುಸ್ತಕ ಹಿಡಿದು ಒಬ್ಬೊಬ್ಬನನ್ನೇ ಎಬ್ಬಿಸಿ ಅವನ ಜಾತಿಯನ್ನು ಗಟ್ಟಿಯಾಗಿ ಕೇಳಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತನು, ಉತ್ತರಿಸಲಿಲ್ಲ. ನಾನು ಮತ್ತೆ ಕೇಳಿದೆ. ಯಾರೋ ನಕ್ಕರು. ಆತ ಕೆಳಗೆ ನೋಡುತ್ತ ನಿಂತ ರೀತಿಯನ್ನು ಐದು ನಿಮಿಷದ ಹಿಂದೆಯಷ್ಟೇ ನಾನು ವರ್ಣಿಸಿದ್ದೆ.

ಕರ್ಣನಿಗಾಗಿ ನಾನು ಸುರಿಸಿದ ಕಣ್ಣೀರು ಸುಳ್ಳಾಗಿತ್ತೆಂದು ಈಗಲೂ ಹೇಳಲಾರೆ. ಆದರೆ ಅದು ನನಗೇನೂ ವೆಚ್ಚ ತರದ ಕಣ್ಣೀರು. ಕರ್ಣನು ನನ್ನಿಂದ ಏನನ್ನೂ ಬೇಡಲಾರ. ಎದುರಿಗೆ ನಿಂತ ಹುಡುಗನು ಬೇಡುತ್ತಾನೆ. ಕಲ್ಪಿತ ವ್ಯಕ್ತಿಯನ್ನು ಪ್ರೀತಿಸುವುದು ಸುಲಭವಾದುದು ಈ ಕಾರಣದಿಂದಲೇ ಇರಬೇಕು. ಆದರೂ ಆ ಹುಡುಗನ ಮೌನ ನನಗೆ ಅರ್ಥವಾದದ್ದು ಕರ್ಣನನ್ನು ಬಲ್ಲವನಾಗಿದ್ದರಿಂದ, ತಡವಾಗಿಯಾದರೂ ಅರ್ಥವಾಯಿತು. ಈಗ ಅರ್ಜಿಗಳನ್ನು ಒಬ್ಬೊಬ್ಬರಿಂದ ನನ್ನ ಕೋಣೆಯಲ್ಲೇ ಪಡೆಯುತ್ತೇನೆ.

ಅಧ್ಯಾಪಕ ಮಿತ್ರರಲ್ಲಿ ನನ್ನ ಬಿನ್ನಹ ಇಷ್ಟೆ. ಕರ್ಣನ ಪಾತ್ರವನ್ನು ಚಿತ್ರಿಸಿರೆಂದು ಪ್ರಶ್ನೆಪತ್ರಿಕೆಯಲ್ಲಿ ಕೇಳುವ ಮೊದಲು, ನಮ್ಮ ತರಗತಿಯ ಹಿಂದಿನ ಬೆಂಚನ್ನು ಒಮ್ಮೆ ನೋಡೋಣ.